ಬಮಾಕೋದ ಸಂಶೋಧಕರು

1899ರಲ್ಲಿ ರೊನಾಲ್ಡ್ ರಾಸ್ ಎಂಬ ಬ್ರಿಟಿಷ್ ವೈದ್ಯನು ಪಶ್ಚಿಮ ಆಫ್ರಿಕದ ಫ್ರೀಟೌನ್ ಬಂದರಿನಲ್ಲಿ ಬಂದಿಳಿದನು. 1895ರಲ್ಲಿ ಬೆಂಗಳೂರಿನಲ್ಲಿ ಕಾಲರಾ ನಿವಾರಣೆಯ ಕಾರ್ಯದಲ್ಲಿ ತೊಡಗಿದ್ದವನು ಈತನೇ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದಲ್ಲಿ ಮಲೇರಿಯಾ ರೋಗದ ಪರೋಪಜೀವಿಯನ್ನು ಕಂಡು ಲೋಕಪ್ರಸಿದ್ಧನಾದವನೂ ಈತನೇ. ಫ್ರೀಟೌನಿನಲ್ಲಿಯೂ ರೋಗವನ್ನು ಹರಡುವುದು ಅನಾಫಿಲಿಸ್ ಸೊಳ್ಳೆಯೆಂಬುದನ್ನು ಅವನು ತೋರಿಸಿಕೊಟ್ಟನು. ಆದರೆ ಈ ತಿಳಿವಿನ ಫಲ ಯಾರಿಗೆ ದೊರೆಯಿತು? ಕೆಲವೇ ವರ್ಷಗಳಲ್ಲಿ, 1904ರಲ್ಲಿ, ನಗರದ ಮೇಲಿನ ಗುಡ್ಡದಲ್ಲಿ ಐರೋಪ್ಯ ಅಧಿಕಾರಿಗಳಿಗಾಗಿ ಪ್ರತ್ಯೇಕ ವಸತಿಯೊಂದು ಸಿದ್ಧವಾಯಿತು. ಆಳುವವರು ಸೊಳ್ಳೆಗಳಿಂದ ದೂರ ಸರಿದರು. ಆಳಿಸಿಕೊಳ್ಳುವವರು ಕೆಳಗೆ ಸೊಳ್ಳೆಗಳ ನಡುವೆಯೇ ಉಳಿದರು.

ವಸಾಹತುಗಳು ಸ್ವತಂತ್ರವಾದ ಮೇಲೆಯೂ ಸಂಶೋಧನೆಯ ರೀತಿ ಬಹುಕಾಲ ಬದಲಾಗಲಿಲ್ಲ. ಪರದೇಶದ ವಿಜ್ಞಾನಿಗಳು ಬರುವರು. ಹಳ್ಳಿಗರ ಬೆರಳು ಚುಚ್ಚಿ ರಕ್ತವನ್ನು ಸಂಗ್ರಹಿಸುವರು. ಅದನ್ನು ಪೆಟ್ಟಿಗೆಗಳಲ್ಲಿ ತುಂಬಿಕೊಂಡು ತಮ್ಮ ನಾಡಿಗೆ ಹಿಂದಿರುಗುವರು. ಅಲ್ಲಿ ಲೇಖನಗಳು ಪ್ರಕಟವಾಗುವುವು, ಪದವಿಗಳು ದೊರೆಯುವುವು. ರಕ್ತ ಕೊಟ್ಟವರಿಗೆ ಅದರ ಸುದ್ದಿಯೂ ಮುಟ್ಟುತ್ತಿರಲಿಲ್ಲ. ಈ ಸಂಶೋಧಕರಲ್ಲಿ ಸಜ್ಜನರೂ ಶ್ರದ್ಧಾವಂತರೂ ಇದ್ದರೆಂಬುದರಲ್ಲಿ ಸಂಶಯವಿಲ್ಲ. ದೋಷವಿದ್ದುದು ವ್ಯಕ್ತಿಗಳಲ್ಲಿ ಅಲ್ಲ, ಏರ್ಪಾಟಿನಲ್ಲಿ. ರೋಗವಂತೂ ಆಫ್ರಿಕದಲ್ಲಿಯೇ ಬೇರೂರಿತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಮಲೇರಿಯಾದಿಂದ ಜಗತ್ತಿನಲ್ಲಿ ಸುಮಾರು 5,97,000 ಜನ ಮಡಿದರು. ಅವರಲ್ಲಿ ಶೇಕಡ 95ರಷ್ಟು ಜನ ಆಫ್ರಿಕದವರು. ಆಫ್ರಿಕದಲ್ಲಿ ಸತ್ತವರಲ್ಲಿ ನಾಲ್ವರಿಗೆ ಮೂವರಂತೆ ಐದು ವರ್ಷ ತುಂಬದ ಮಕ್ಕಳು.

ಈ ಹಳೆಯ ರೀತಿಯನ್ನು ಬದಲಿಸಿದವರಲ್ಲಿ ಮಾಲಿ ದೇಶದ ಓಗೊಬಾರಾ ದುಂಬೊ ಅವರ ಹೆಸರು ಮುಖ್ಯವಾದುದು. ಸಹಾರಾ ಮರುಭೂಮಿಯ ಅಂಚಿನಲ್ಲಿರುವ ಮಾಲಿ ಬಡ ದೇಶ. ಅದರ ರಾಜಧಾನಿ ನೈಜರ್ ನದಿಯ ತೀರದ ಬಮಾಕೋ. ದುಂಬೊ ಅವರು 1956ರಲ್ಲಿ ಬಾಂಡಿಯಾಗರಾ ಪ್ರದೇಶದ ದೋಗೋನ್ ಜನಾಂಗದಲ್ಲಿ, ನಾಟಿವೈದ್ಯರ ಮನೆತನದಲ್ಲಿ ಹುಟ್ಟಿದರು. ಬಮಾಕೋದಲ್ಲಿ ವೈದ್ಯಶಾಸ್ತ್ರವನ್ನು ಕಲಿತು, ಅನಂತರ ಫ್ರಾನ್ಸಿನಲ್ಲಿ ಪರೋಪಜೀವಿಶಾಸ್ತ್ರವನ್ನು ಅಭ್ಯಾಸ ಮಾಡಿ, ತಾಯ್ನಾಡಿಗೆ ಮರಳಿದರು. ಮರಳಿದರೆಂಬ ಈ ಮಾತು ಸಣ್ಣದಾಗಿ ತೋರಬಹುದು. ಅಂದು ಮಾಲಿಯಲ್ಲಿ ಅವರ ವಿದ್ಯೆಗೆ ತಕ್ಕ ಪ್ರಯೋಗಶಾಲೆಯಾಗಲಿ, ಸಲಕರಣೆಯಾಗಲಿ ಇರಲಿಲ್ಲ.

ಸೊಳ್ಳೆಗಳ ಅಧ್ಯಯನದಲ್ಲಿ ಪರಿಣತರಾಗಿದ್ದ ಯೆಯಾ ತೂರೆ ಅವರೊಡನೆ ಕೂಡಿ ದುಂಬೊ ಅವರು 1990ರ ದಶಕದ ಆರಂಭದಲ್ಲಿ ಬಮಾಕೋದ ವೈದ್ಯಕೀಯ ವಿದ್ಯಾಲಯದಲ್ಲಿ ಮಲೇರಿಯಾ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಇಟಲಿ ಹಾಗೂ ಫ್ರಾನ್ಸಿನ ವಿದ್ವಾಂಸರು ನೆರವಾದರು. ಆದರೆ ಏನನ್ನು ಸಂಶೋಧಿಸಬೇಕು, ಯಾವ ಹಳ್ಳಿಯಲ್ಲಿ, ಯಾರ ಮುಂದಾಳುತನದಲ್ಲಿ ಎಂಬುದನ್ನು ನಿರ್ಧರಿಸುವವರು ಮಾಲಿಯವರಾಗಿರಬೇಕೆಂಬುದು ಕೇಂದ್ರದ ನಿಲುವು. ತರುಣರು ಉನ್ನತ ವ್ಯಾಸಂಗಕ್ಕೆ ಹೊರದೇಶಗಳಿಗೆ ತೆರಳಿದರು. ಹೀಗೆ ಹೋದವರು ಹಿಂದಿರುಗದಿರುವುದು ಬಡ ದೇಶಗಳೆಲ್ಲದರ ಅಳಲು. ಭಾರತಕ್ಕೂ ಅದು ಹೊಸದಲ್ಲ. ದೇಶಭಕ್ತಿಯ ಉಪದೇಶದಿಂದ ಮಾತ್ರವೇ ಅವರನ್ನು ಹಿಂದಕ್ಕೆ ಕರೆತರಲಾಗದು. ಬಂದವರಿಗೆ ಕೆಲಸ ಮಾಡಲು ಮೇಜು, ಸೂಕ್ಷ್ಮದರ್ಶಕ, ನಿಲ್ಲದ ವಿದ್ಯುತ್ತು, ಜಗತ್ತಿನ ವಿದ್ವತ್ಪತ್ರಿಕೆಗಳನ್ನು ಓದುವ ಸೌಲಭ್ಯ ಇವಿಷ್ಟೂ ಬೇಕು. ಬಮಾಕೋದ ಕೇಂದ್ರವು ಇವನ್ನು ಒದಗಿಸಿತು; ಅನೇಕರು ಮರಳಿ ಬಂದರು.

ಹಳ್ಳಿಗರೊಡನೆ ಈ ಕೇಂದ್ರದವರು ನಡೆದುಕೊಂಡ ಬಗೆ ವಿಶೇಷವಾಗಿ ಗಮನಿಸತಕ್ಕದ್ದು. ಸಂಶೋಧಕರು ಊರಿಗೆ ಬಂದೊಡನೆ ಸೂಜಿಯನ್ನು ಹೊರತೆಗೆಯುವಂತಿಲ್ಲ. ಮೊದಲು ಆ ಊರಿನ ರೀತಿನೀತಿಗಳನ್ನು ಅರಿಯಬೇಕು. ಬಳಿಕ ಊರಿನ ಮುಖ್ಯಸ್ಥನನ್ನೂ ಹಿರಿಯರನ್ನೂ ಕಾಣಬೇಕು. ನಮ್ಮಲ್ಲಿ ತಾಂಬೂಲವಿರುವಂತೆ ಅಲ್ಲಿ ಕೋಲಾ ಬೀಜವನ್ನು ಹಿರಿಯರಿಗೆ ಒಪ್ಪಿಸುವುದು ಮರ್ಯಾದೆ. ನಾಟಿವೈದ್ಯರನ್ನು ಬದಿಗೊತ್ತದೆ ಅವರೊಡನೆಯೂ ಸಮಾಲೋಚಿಸಬೇಕು. ನಾಟಿವೈದ್ಯರ ಮನೆಯಲ್ಲಿ ಬೆಳೆದ ದುಂಬೊ ಅವರಿಗೆ ಇದು ಸಹಜವಾಗಿಯೇ ತಿಳಿದಿತ್ತು. ಊರು ಒಪ್ಪಿತೆಂದರೂ ಕಾರ್ಯ ಮುಗಿಯಲಿಲ್ಲ. ಪ್ರತಿಯೊಂದು ಮಗುವಿನ ತಾಯಿತಂದೆಯರಿಗೆ ಅವರ ನುಡಿಯಲ್ಲಿಯೇ ಎಲ್ಲವನ್ನೂ ವಿವರಿಸಿ ಬೇರೆಯಾಗಿ ಒಪ್ಪಿಗೆ ಪಡೆಯಬೇಕು. ಒಪ್ಪಿಗೆಯ ಪತ್ರವಿರುವುದು ಫ್ರೆಂಚ್ ಭಾಷೆಯಲ್ಲಿ. ಅದನ್ನು ಓದಬಲ್ಲ ಹಳ್ಳಿಗರು ವಿರಳ. ಆದುದರಿಂದ ಬಾಯಿಮಾತಿನ ವಿವರಣೆಯೇ ಮುಖ್ಯ. ಒಪ್ಪಿದವರು ಮುಂದೆ ಬೇಡವೆನ್ನಲೂ ಸ್ವತಂತ್ರರು. ಇದರಿಂದ ಕೆಲಸ ನಿಧಾನವಾಗುತ್ತಿತ್ತು, ನಿಜ. ಆದರೆ ಅವಸರದಿಂದ ಪಡೆದ ರಕ್ತಕ್ಕಿಂತ ನಂಬಿಕೆಯಿಂದ ಪಡೆದ ರಕ್ತವೇ ವಿಜ್ಞಾನಕ್ಕೂ ಮೇಲೆಂದು ಅವರು ಕಂಡುಕೊಂಡಿದ್ದರು. 2005ರಲ್ಲಿ ದುಂಬೊ ಅವರು ಈ ವಿಷಯವನ್ನು ಕುರಿತು ‘ಸೈನ್ಸ್’ ಪತ್ರಿಕೆಯಲ್ಲಿ ಲೇಖನ ಬರೆದರು.

ಕೇಂದ್ರದ ಸಾಧನೆಗೆ ಒಂದು ನಿದರ್ಶನವನ್ನು ನೋಡಬಹುದು. ಕ್ಲೋರೋಕ್ವಿನ್ ಎಂಬ ಅಗ್ಗದ ಗುಳಿಗೆಯು ಬಹುಕಾಲ ಮಲೇರಿಯಾಕ್ಕೆ ರಾಮಬಾಣವಾಗಿತ್ತು. ಕ್ರಮೇಣ ಪರೋಪಜೀವಿಯು ಅದಕ್ಕೆ ಜಗ್ಗದಾಯಿತು. ಪರೋಪಜೀವಿಯ ಒಂದು ಪ್ರೋಟೀನಿನಲ್ಲಿ 76ನೆಯ ಸ್ಥಾನದಲ್ಲಿರುವ ಅಮೈನೋ ಆಮ್ಲ ಬದಲಾಗಿರುವುದೇ ಇದಕ್ಕೆ ಸೂಚನೆಯೆಂಬುದನ್ನು ಮಾಲಿಯ ರೋಗಿಗಳಲ್ಲಿ ಪರೀಕ್ಷಿಸಿ ತೋರಿಸಿದ ತಂಡದ ಮುಖ್ಯ ಲೇಖಕರು ಅಬ್ದುಲಾಯೆ ಜಿಮ್ದೆ. ಔಷಧಶಾಸ್ತ್ರವನ್ನು ಓದಿ, ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿ, ಬಮಾಕೋಗೆ ಮರಳಿದವರು ಅವರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಚಿಕಿತ್ಸೆಗೆ ಮುನ್ನ ಶೇಕಡ 41ರಷ್ಟು ಮಾದರಿಗಳಲ್ಲಿ ಈ ಬದಲಾವಣೆ ಕಂಡಿತ್ತು. ಚಿಕಿತ್ಸೆ ವಿಫಲವಾದವರಲ್ಲಿ ಅದು ಎಲ್ಲರಲ್ಲಿಯೂ ಕಂಡುಬಂದಿತು.

ಈ ಜ್ಞಾನವು ಗ್ರಂಥಾಲಯದಲ್ಲಿ ಕುಳಿತಿರಲಿಲ್ಲ. ರಾಜಕೀಯ ಗಲಭೆಗೆ ತುತ್ತಾಗಿದ್ದ ಉತ್ತರ ಮಾಲಿಯಲ್ಲಿ ಮಲೇರಿಯಾ ಸಾಂಕ್ರಾಮಿಕವಾಗಿ ಹರಡಿತು. ಯಾವ ಔಷಧ ಫಲಿಸುವುದೆಂದು ತಿಳಿಯಲು ರೋಗಿಗಳನ್ನು ವಾರಗಟ್ಟಲೆ ನೋಡಿಕೊಳ್ಳಬೇಕು; ಅಲ್ಲಿ ಅದು ಸಾಧ್ಯವಿರಲಿಲ್ಲ. ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ ಶೇಕಡ 80ರಷ್ಟು ಸೋಂಕುಗಳಲ್ಲಿ ಕ್ಲೋರೋಕ್ವಿನ್‌ಗೆ ಜಗ್ಗದ ಗುರುತು ಸಿಕ್ಕಿತು. ಕೂಡಲೇ ಔಷಧವನ್ನು ಬದಲಿಸಲಾಯಿತು. ಪರೀಕ್ಷಿಸಬಲ್ಲವರು ದೇಶದೊಳಗೇ ಇದ್ದುದರ ಬೆಲೆ ಏನೆಂಬುದು ಆಗ ತಿಳಿಯಿತು.

ಮಾಲಿಯಲ್ಲಿ ರೋಗ ಉಲ್ಬಣಿಸುವುದು ಮಳೆಗಾಲದಲ್ಲಿ. ಆ ತಿಂಗಳುಗಳಲ್ಲಿ ಮಾತ್ರ ಎಳೆಯ ಮಕ್ಕಳಿಗೆ ತಿಂಗಳಿಗೊಮ್ಮೆ ಔಷಧ ಕೊಟ್ಟು ರೋಗವನ್ನು ತಡೆಯಬಹುದೇ ಎಂಬುದನ್ನು ಇದೇ ಕೇಂದ್ರದ ಅಲಸ್ಸಾನ್ ಡಿಕೊ ಮತ್ತು ಸಂಗಡಿಗರು ಪರೀಕ್ಷಿಸಿದರು. ಸೊಳ್ಳೆಪರದೆ ಬಳಸುತ್ತಿದ್ದ ಮಕ್ಕಳಲ್ಲಿಯೂ ರೋಗ ಐದರಲ್ಲಿ ನಾಲ್ಕು ಪಾಲು ಇಳಿಯಿತು. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕ್ರಮವನ್ನು ಶಿಫಾರಸು ಮಾಡಿತು. ಮುಂದೆ ಮಲೇರಿಯಾ ಲಸಿಕೆಗಳ ಪರೀಕ್ಷೆಯೂ ಮಾಲಿಯ ಬುಗೂನಿಯಲ್ಲಿ ನಡೆಯಿತು. ಅವುಗಳಲ್ಲಿ ಆರ್-21 ಎಂಬುದನ್ನು ತಯಾರಿಸುವುದು ಪುಣೆಯ ಸೀರಮ್ ಸಂಸ್ಥೆ.

ಎಲ್ಲವೂ ಸುಗಮವಾಗಿದೆಯೆಂದು ಹೇಳಿದರೆ ಅದು ಸತ್ಯಕ್ಕೆ ದೂರವಾದೀತು. 2012ರಲ್ಲಿ ಮಾಲಿಯಲ್ಲಿ ಸೈನಿಕ ಕ್ರಾಂತಿಯಾಯಿತು. ಉತ್ತರದಲ್ಲಿ ಯುದ್ಧ ಹೊತ್ತಿತು. ದುಂಬೊ ಅವರ ಹುಟ್ಟುನಾಡಾದ ಬಾಂಡಿಯಾಗರಾಕ್ಕೂ ಹಿಂಸೆ ಹಬ್ಬಿತು. ಸಂಶೋಧನೆಯ ಹಣವಂತೂ ಬಹುಪಾಲು ಹೊರಗಿನಿಂದಲೇ ಬರಬೇಕು. ನಿರ್ಧಾರ ತಮ್ಮದು, ಹಣ ಇನ್ನೊಬ್ಬರದು ಎಂಬ ಸ್ಥಿತಿ ಎಷ್ಟು ಕಾಲ ನಿಂತೀತು? 2025ರಲ್ಲಿ ಅಮೆರಿಕವು ವಿದೇಶಗಳಿಗೆ ಕೊಡುತ್ತಿದ್ದ ನೆರವನ್ನು ಬಹುವಾಗಿ ಕಡಿತಗೊಳಿಸಿದಾಗ ಈ ಪ್ರಶ್ನೆ ಆಫ್ರಿಕದ ಅನೇಕ ವಿಜ್ಞಾನಿಗಳ ಮುಂದೆ ನಿಂತಿತು. ಅದಕ್ಕೆ ಉತ್ತರವಿನ್ನೂ ದೊರೆತಿಲ್ಲ.

ದುಂಬೊ ಅವರು 2018ರ ಜೂನ್ 9ರಂದು ಫ್ರಾನ್ಸಿನ ಮಾರ್ಸೇಲ್ ನಗರದಲ್ಲಿ ತೀರಿಕೊಂಡರು. ಕೇಂದ್ರದ ಬಾಗಿಲು ಮುಚ್ಚಲಿಲ್ಲ. ಅವರ ಶಿಷ್ಯರು ಕೆಲಸವನ್ನು ಮುಂದುವರಿಸಿದರು. 2013ರಲ್ಲಿ ಜಿಮ್ದೆ ಅವರ ನಾಯಕತ್ವದಲ್ಲಿ ಹಲವು ಆಫ್ರಿಕನ್ ದೇಶಗಳ ಸಂಶೋಧಕರು ಕಟ್ಟಿಕೊಂಡಿದ್ದ ಕೂಟವು, ಪರೋಪಜೀವಿಯ ವಂಶವಾಹಿಗಳನ್ನು ತಮ್ಮ ದೇಶಗಳಲ್ಲಿಯೇ ಅಧ್ಯಯನ ಮಾಡುವುದನ್ನು ಕಿರಿಯರಿಗೆ ಕಲಿಸತೊಡಗಿತು. 2025ರ ಏಪ್ರಿಲ್ ತಿಂಗಳಲ್ಲಿ ಮಾಲಿ ಸರ್ಕಾರವು ತನ್ನ ಮಕ್ಕಳಿಗೆ ಮಲೇರಿಯಾ ಲಸಿಕೆಯನ್ನು ಹಾಕಿಸಲು ಆರಂಭಿಸಿತು. ಮೊದಲ ಮೂರು ಚುಚ್ಚುಮದ್ದುಗಳನ್ನು ಮಗುವಿನ ವಯಸ್ಸಿಗೆ ಅನುಸಾರವಾಗಿ, ಅನಂತರದವನ್ನು ಮಳೆಗಾಲಕ್ಕೆ ಮುನ್ನ ಕೊಡುವ ಕ್ರಮವನ್ನು ಅದು ಅನುಸರಿಸಿತು. ಮಳೆಗಾಲಕ್ಕೆ ಮುನ್ನ ಲಸಿಕೆ ಕೊಡುವುದರ ಲಾಭವನ್ನು ಬುಗೂನಿಯ ಮಕ್ಕಳಲ್ಲಿ ಪರೀಕ್ಷಿಸಿ ನೋಡಿದವರಲ್ಲಿ ಬಮಾಕೋದ ಸಂಶೋಧಕರೇ ಮುಂದಿದ್ದರು.