ನಿಮ್ಮ ಜೇನಿನ ಕ್ಯಾನಿಗೆ ಬಿಲ್ ಇದೆಯೇ?



ಮುಂಬಯಿಯ ನಮ್ಮ ಹೋಟೆಲಿಗೆ ಬೆಳಿಗ್ಗೆ ವಾಕಿಂಗ್ ಮುಗಿಸಿ ಬರುವವರಲ್ಲಿ ಹಲವರು ಈಗ ಚಹಾ ಬಿಟ್ಟು ಲಿಂಬೆ-ಜೇನಿನ ಬಿಸಿನೀರು ಕೇಳುತ್ತಾರೆ. ಕಳೆದ ವರ್ಷ ಅವರಲ್ಲಿ ಒಬ್ಬರು, ನಿವೃತ್ತ ಡಾಕ್ಟರು, ಗಲ್ಲಾದ ಹತ್ತಿರ ಬಂದು ಈ ಜೇನು ಎಲ್ಲಿಂದ ತರಿಸುತ್ತೀರಿ ಎಂದು ಮರಾಠಿಯಲ್ಲಿ ಕೇಳಿದರು. ಒಳಗೆ ಹೋಗಿ ನೋಡಿದೆ. ದೊಡ್ಡ ಬಿಳಿ ಕ್ಯಾನ್. ಲೇಬಲ್ ಇಲ್ಲ, ಬ್ಯಾಚ್ ನಂಬರ್ ಇಲ್ಲ, ಬಿಲ್ಲಿನ ಬದಲು ಒಂದು ಚೀಟಿ. ಎರಡು ವರ್ಷದಿಂದ ಅದನ್ನೇ ಆರೋಗ್ಯಕ್ಕೆ ಒಳ್ಳೆಯದೆಂದು ಕೊಡುತ್ತಿದ್ದೆ. ಉತ್ತರ ಹೇಳಲು ಬಾಯಿ ಬರಲಿಲ್ಲ.

ಊರಿನಲ್ಲಿ ಅಜ್ಜ ಮಡಕೆಯಲ್ಲಿ ತುಡುವೆ ಜೇನು ಸಾಕುತ್ತಿದ್ದರು. ಅದೇ ನೆನಪಿನಲ್ಲಿ ಜೇನೆಂದರೆ ಶುದ್ಧ ಎಂದುಕೊಂಡವನು ನಾನು. ಆದರೆ ಹುಳ ಹೋಗಿ ಕೂರುವುದು ಮದ್ದು ಹೊಡೆದ ಹೊಲದ ಹೂವಿನ ಮೇಲೆ. ಮಕರಂದದ ಜೊತೆ ಕೀಟನಾಶಕವೂ ಗೂಡಿಗೆ ಬರುತ್ತದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪ್ರಪಂಚದ ಬೇರೆ ಬೇರೆ ಕಡೆಯ 198 ಜೇನಿನ ಮಾದರಿ ಪರೀಕ್ಷಿಸಿದಾಗ ನೂರಕ್ಕೆ 75ರಲ್ಲಿ ನಿಯೋನಿಕೋಟಿನಾಯ್ಡ್ ಜಾತಿಯ ಕೀಟನಾಶಕ ಸಿಕ್ಕಿತು. ಹೆಚ್ಚಿನವುಗಳಲ್ಲಿ ಇದ್ದದ್ದು ಮನುಷ್ಯರಿಗೆ ನಿಗದಿಯಾದ ಮಿತಿಗಿಂತ ಕಡಿಮೆ; ಆ ಮಾತನ್ನೂ ಹೇಳಬೇಕು, ಸುಮ್ಮನೆ ಹೆದರಿಸಬಾರದು. ಹುಳಗಳಿಗೆ ಮಾತ್ರ ಅಷ್ಟೇ ಹಾನಿ ಮಾಡಬಲ್ಲದು.

ನಮಗೆ ಹೆಚ್ಚು ಚಿಂತೆಯದ್ದು ಆಂಟಿಬಯಾಟಿಕ್. ಪೆಟ್ಟಿಗೆಯ ಹುಳಕ್ಕೆ ರೋಗ ಬಾರದಿರಲಿ ಎಂದು ಕೆಲವರು ಅದನ್ನು ಹಾಕುತ್ತಾರೆ. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್ಮೆಂಟ್ ಸಂಸ್ಥೆಯವರು 2010ರಲ್ಲಿ 12 ಬ್ರ್ಯಾಂಡಿನ ಜೇನು ಪರೀಕ್ಷಿಸಿದಾಗ 11ರಲ್ಲಿ ಆಂಟಿಬಯಾಟಿಕ್ ಸಿಕ್ಕಿತು. ಅದೇ ವರ್ಷ ಯುರೋಪಿನವರು ನಮ್ಮ ದೇಶದ ಜೇನು ಬೇಡವೆಂದರು. 2011ರಲ್ಲಿ ಮತ್ತೆ ಬಿಟ್ಟರು. ಸ್ವಲ್ಪ ಸ್ವಲ್ಪವಾಗಿ ದಿನವೂ ಹೊಟ್ಟೆಗೆ ಹೋದರೆ ರೋಗಾಣುಗಳಿಗೆ ಔಷಧಿ ಅಭ್ಯಾಸವಾಗಿ, ನಿಜವಾಗಿ ಬೇಕಾದಾಗ ಅದು ನಾಟುವುದಿಲ್ಲ ಎಂದು ಡಾಕ್ಟರು ವಿವರಿಸಿದರು. 2020ರಲ್ಲಿ ಅದೇ ಸಂಸ್ಥೆ 13 ಬ್ರ್ಯಾಂಡ್ ಜರ್ಮನಿಯಲ್ಲಿ ಪರೀಕ್ಷೆ ಮಾಡಿಸಿದಾಗ 10 ಫೇಲಾದವು, ಸಕ್ಕರೆ ಪಾಕದ ಕಲಬೆರಕೆ ಎಂದು. ಕಂಪೆನಿಗಳು ಇದನ್ನು ಒಪ್ಪಲಿಲ್ಲ.

ನಮ್ಮ ಭಟ್ಟರು ಜೇನಿನ ಹನಿಯನ್ನು ನೀರಿಗೆ ಬಿಟ್ಟು ನೋಡುತ್ತಾರೆ, ತಳಕ್ಕೆ ಇಳಿದರೆ ಅಸಲಿ ಎನ್ನುತ್ತಾರೆ. ಅದರಿಂದ ಮದ್ದಿನ ಅಂಶ ತಿಳಿಯುವುದಿಲ್ಲ, ಒಳ್ಳೆಯ ಪಾಕವೂ ತಳಕ್ಕೇ ಇಳಿಯುತ್ತದೆ. ಹರಳು ಕಟ್ಟಿತೆಂದು ಒಳ್ಳೆಯ ಜೇನನ್ನು ಚೆಲ್ಲಿದವರೂ ನಮ್ಮಲ್ಲಿದ್ದಾರೆ! ಲ್ಯಾಬ್ ಬಿಟ್ಟು ಬೇರೆ ದಾರಿಯಿಲ್ಲ.

ಹಾಗಾಗಿ ನಮ್ಮ ಕೈಯಲ್ಲಿರುವುದು ಕಾಗದ. 2006ರ ಆಹಾರ ಸುರಕ್ಷತಾ ಕಾಯ್ದೆಯ 26ನೇ ಕಲಮಿನಂತೆ ಮಾಲು ಕೊಡುವವನು ಅದರ ಗುಣಮಟ್ಟಕ್ಕೆ ಲಿಖಿತ ಗ್ಯಾರಂಟಿ ಕೊಡಬೇಕು, ಬಿಲ್ಲನ್ನೇ ಗ್ಯಾರಂಟಿ ಎಂದು ತಿಳಿಯಲಾಗುತ್ತದೆ. ಬಿಲ್ಲಿಲ್ಲದ ಕ್ಯಾನಿನಿಂದ ಸ್ಯಾಂಪಲ್ ತೆಗೆದರೆ ಯಾರತ್ತ ಬೆರಳು ತೋರಿಸುವುದು?

ಸಪ್ಲೈಯರಿಗೆ ಫೋನ್ ಮಾಡಿ, ಲೈಸೆನ್ಸ್ ನಂಬರ್ ಇರುವ ಬಿಲ್ಲು ಮತ್ತು ಆ ಬ್ಯಾಚಿನ ಲ್ಯಾಬ್ ರಿಪೋರ್ಟ್ ಕೇಳಿದೆ. "ಅಣ್ಣಾ, ಈ ರೇಟಿಗೆ ಅದೆಲ್ಲ ಆಗುವುದಿಲ್ಲ" ಎಂದ. ಕ್ಯಾನ್ ವಾಪಸ್ ಕಳಿಸಿದೆ. ಈಗ ಸೀಲ್ ಇರುವ ಬಾಟಲಿ ತರಿಸುತ್ತೇನೆ, ಗ್ಲಾಸಿಗೆ ಐದು ರೂಪಾಯಿ ಏರಿಸಿದ್ದೇನೆ. ಇಬ್ಬರು ಗಿರಾಕಿಗಳು ಗೊಣಗಿದರು, ಡಾಕ್ಟರು ಬಾಟಲಿ ತರಿಸಿ ಲೇಬಲ್ ಓದಿದರು.

ಚೈನೀಸ್ ಸೆಕ್ಷನಿನ ಹುಡುಗ ಮಾತ್ರ ಹನಿ ಚಿಲ್ಲಿ ಪೊಟೇಟೊಗೆ ಇಷ್ಟು ದುಬಾರಿ ಜೇನು ಯಾಕೆ, ಸಕ್ಕರೆ ಪಾಕ ಸಾಕು ಎನ್ನುತ್ತಾನೆ. ಹಾಗಾದರೆ ಮೆನು ಕಾರ್ಡಿನಿಂದ 'ಹನಿ' ತೆಗೆಯಬೇಕಾಗುತ್ತದೆ ಎಂದೆ. ಹೊಸ ಕಾರ್ಡು ಇನ್ನೂ ಪ್ರೆಸ್ಸಿಗೆ ಹೋಗಿಲ್ಲ.