ಪರದೆಯ ಮೇಲಿನ ಅಂಗಡಿ

ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆ ಸೇರಿದ್ದವರು ಮನೆಗೆ ಮರಳಿದಾಗ ನಮಗೆಲ್ಲ ಎಷ್ಟು ನೆಮ್ಮದಿ! ಗಾಯ ಮಾಸಿದೆ, ಮಾತು ಸ್ಪಷ್ಟವಾಗಿದೆ, ನಡಿಗೆಯೂ ಸರಿಯಿದೆ. ಆದರೆ ಅಕ್ಕಿ, ಸೋಪು, ಔಷಧಿ ತರಲು ಹೋದವರು ಸೋಪೊಂದನ್ನೇ ಹಿಡಿದು ಬರುತ್ತಾರೆ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾರೆ. 'ಸೋಮಾರಿತನ, ಬೇಕೆಂದೇ ಹೀಗೆ ಮಾಡುತ್ತಾರೆ' ಎಂದುಬಿಡುತ್ತೇವೆ.

ನಾವು ಹಾಗೆನ್ನುವುದು ತಪ್ಪು. ಕೆಲಸಗಳನ್ನು ಯೋಜಿಸಿ ಒಂದರ ಹಿಂದೊಂದು ಹೊಂದಿಸುವುದರಲ್ಲಿ ಹಣೆಯ ಹಿಂದಿರುವ ಮೆದುಳಿನ ಮುಂಭಾಗಕ್ಕೆ ದೊಡ್ಡ ಪಾತ್ರವಿದೆ. ಆ ಭಾಗಕ್ಕೆ ಪೆಟ್ಟಾಗಿದ್ದ ಮೂವರ ಕುರಿತು ಬ್ರಿಟನ್ನಿನ ಮನೋವಿಜ್ಞಾನಿಗಳಾದ ಟಿಮ್ ಶಾಲಿಸ್ ಮತ್ತು ಪಾಲ್ ಬರ್ಜೆಸ್ 1991ರಲ್ಲಿ ಬರೆದರು. ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಅವರು ಚೆನ್ನಾಗಿಯೇ ಉತ್ತರಿಸಿದ್ದರು. ಕೆಲವು ಚಿಕ್ಕಪುಟ್ಟ ಕೆಲಸಗಳನ್ನೂ ನಿಯಮಗಳನ್ನೂ ಕೊಟ್ಟು ಅಂಗಡಿ ಬೀದಿಗೆ ಕಳುಹಿಸಿದಾಗ ಮಾತ್ರ ಎಡವಿದರು.

ಹಾಗಾದರೆ ಅಂಗಡಿಯಲ್ಲೇ ಅಭ್ಯಾಸ ಮಾಡಿಸಬಾರದೇ? ಮಾಡಿಸಬಹುದು, ಆದರೆ ಅಲ್ಲಿ ವಾಹನ, ಗದ್ದಲ, ಹಣದ ಲೆಕ್ಕ, ನಾಲ್ಕು ಜನರ ಮುಂದೆ ತಪ್ಪಿದರೆ ನಾಚಿಕೆ. ಆದ್ದರಿಂದಲೇ ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ಸಂಶೋಧಕರು ಪರದೆಯ ಮೇಲೆ ಅಂಗಡಿಯೊಂದನ್ನು ಕಟ್ಟಿದರು. 'ವರ್ಚುವಲ್ ರಿಯಾಲಿಟಿ' ಎಂದರೆ ಕಣ್ಣಿಗೆ ಕಟ್ಟುವ ಕನ್ನಡಕವೇ ಆಗಬೇಕೆಂದಿಲ್ಲ. ಇಲ್ಲಿ ರೋಗಿ ದೊಡ್ಡ ಪರದೆಯ ಎದುರು ಇರುತ್ತಾರೆ. ಕ್ಯಾಮೆರಾ ಅವರ ಚಿತ್ರವನ್ನು ಅಂಗಡಿಯೊಳಗೆ ಸೇರಿಸುತ್ತದೆ. ತಾವೇ ಕಪಾಟುಗಳ ನಡುವೆ ಇರುವುದನ್ನು ನೋಡುತ್ತ, ಕೈಚಾಚಿ ಸಾಮಾನು ಆರಿಸುತ್ತಾರೆ. ಪಕ್ಕದಲ್ಲಿರುವ ಚಿಕಿತ್ಸಕರು 'ಮೊದಲು ಏನು? ಏನು ಉಳಿಯಿತು?' ಎಂದು ಯೋಚಿಸಲು ಹಚ್ಚುತ್ತಾರೆ. ತಪ್ಪಿದರೆ ನಷ್ಟವಿಲ್ಲ, ಮತ್ತೆ ಮಾಡಬಹುದು.

ಪಾರ್ಶ್ವವಾಯುವಿನಿಂದ ಮೆದುಳಿಗೆ ಹಾನಿಯಾಗಿದ್ದ ನಾಲ್ವರು ಇಲ್ಲಿ ಮೂರು ವಾರಗಳಲ್ಲಿ ಹತ್ತು ಗಂಟೆ ತರಬೇತಿ ಪಡೆದರು. ನಿಜವಾದ ಮಳಿಗೆಯಲ್ಲೂ ಅವರ ಕೆಲಸ ಸುಧಾರಿಸಿತೆಂದು 2009ರ ವರದಿ ಹೇಳಿತು. ನಾಲ್ವರೆಂದರೆ ತೀರ ಕಡಿಮೆ ಎನ್ನುವುದನ್ನೂ ನಾವು ಮರೆಯಬಾರದು. ಪಾರ್ಶ್ವವಾಯು ರೋಗಿಗಳ ಮೇಲೆ ನಡೆದ 72 ಪ್ರಯೋಗಗಳನ್ನು 2017ರಲ್ಲಿ ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ ತಜ್ಞರು, ವಾಡಿಕೆಯ ಚಿಕಿತ್ಸೆಯ ಜೊತೆಗೆ ಸೇರಿಸಿದರೆ ಕೈಯ ಚಲನೆಗೆ ಪ್ರಯೋಜನವಾಗಬಹುದು ಎಂದರು. ಯೋಚನಾಶಕ್ತಿಯ ವಿಷಯದಲ್ಲಿ ತೀರ್ಮಾನಿಸಲು ಪುರಾವೆ ಸಾಲದೆಂದರು.

ಆದುದರಿಂದ ಪೇಟೆಯಲ್ಲಿ ಸಿಗುವ ಆಟದ ಕನ್ನಡಕ ಕೊಂಡು ಮನೆಯಲ್ಲೇ ಚಿಕಿತ್ಸೆ ಆರಂಭಿಸುವುದು ಬೇಡ. ಅದರಿಂದ ಕೆಲವರಿಗೆ ತಲೆಸುತ್ತು, ವಾಕರಿಕೆ ಬರುತ್ತದೆ. ಮೆದುಳಿಗೆ ಪೆಟ್ಟಾದವರಲ್ಲಿ ಫಿಟ್ಸ್ ಬರುವ ಸಂಭವವೂ ಇರುವುದರಿಂದ ವೈದ್ಯರನ್ನು ಮೊದಲು ಕೇಳಲೇಬೇಕು. ಕೇಳಲು ಹೋಗುವಾಗ ಮರೆತ ಸಾಮಾನು, ಉಕ್ಕಿದ ಹಾಲು, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗೋಣ.