ಆರ್ಕಿಡ್ ಜೊತೆ ಬಂದ ಬೇಟೆಗಾರ

ಟೊಮೆಟೊ ಎಲೆಯ ಅಡಿಯಲ್ಲಿ ಬಲೆ ಹೆಣೆದು ರಸ ಹೀರುವ ಕೆಂಪು ನುಸಿ ಅರ್ಧ ಮಿಲಿಮೀಟರಿನಷ್ಟು ಸಣ್ಣದು. ಬಿಸಿಲೇರಿದರೆ ವಾರ, ಹತ್ತು ದಿನಕ್ಕೊಂದು ತಲೆಮಾರು ಹುಟ್ಟುತ್ತದೆ. ಹಾಗಾಗಿ ಹೊಡೆದ ಔಷಧಿಗೆ ಬೇಗ ಒಗ್ಗಿಕೊಳ್ಳುತ್ತದೆ. ಎರಡನೇ ಮಹಾಯುದ್ಧದ ನಂತರ ಡಿಡಿಟಿಯಂಥ ವಿಷಗಳು ನುಸಿಯನ್ನು ತಿನ್ನುವ ಜೀವಿಗಳನ್ನು ಕೊಂದವು. ನುಸಿ ಮಾತ್ರ ಉಳಿದು ಹೆಚ್ಚಿತು.

ಉತ್ತರ ಸಿಕ್ಕಿದ್ದು ಆಕಸ್ಮಿಕವಾಗಿ. ಚಿಲಿಯಿಂದ ಜರ್ಮನಿಗೆ ಬಂದ ಆರ್ಕಿಡ್ ಗಿಡಗಳಲ್ಲಿ ಕಿತ್ತಳೆಗೆಂಪಿನ ಇನ್ನೊಂದು ನುಸಿಯಿತ್ತು. 1958ರಲ್ಲಿ ಅದನ್ನು ಗುರುತಿಸಿದ ಡೊಸೆ ಎಂಬ ವಿಜ್ಞಾನಿ, ಅದು ಕೆಂಪು ನುಸಿಯನ್ನೇ ತಿಂದು ಬದುಕುತ್ತದೆಂದು ಕಂಡರು. ಇಂದು ಅದರ ಹೆಸರು ಫೈಟೋಸಿಯುಲಸ್ ಪರ್ಸಿಮಿಲಿಸ್. ದಿನಕ್ಕೆ ಇಪ್ಪತ್ತರಷ್ಟು ಮೊಟ್ಟೆ, ಮರಿಗಳನ್ನು ತಿನ್ನಬಲ್ಲದು. ನೆದರ್ಲೆಂಡ್ಸ್‌ನ ಸೌತೆ ಬೆಳೆಗಾರ ಯಾನ್ ಕಾಪರ್ಟ್ ಅವರಿಗೆ ಕೀಟನಾಶಕ ಮೈಗೆ ಒಗ್ಗುತ್ತಿರಲಿಲ್ಲ. 1967ರಲ್ಲಿ ಅವರು ಈ ಬೇಟೆಗಾರನನ್ನು ಸಾಕಿ ತಮ್ಮ ಗಾಜಿನ ಮನೆಗೆ ಬಿಟ್ಟರು, ಬಳಿಕ ಇತರ ರೈತರಿಗೂ ಮಾರತೊಡಗಿದರು.

ಈ ಬೇಟೆಗಾರ ನುಸಿಗೆ ಕಣ್ಣಿಲ್ಲ. ಮತ್ತೆ ಬೇಟೆ ಸಿಗುವುದು ಹೇಗೆ? 1980ರ ದಶಕದಲ್ಲಿ ಡಚ್ ವಿಜ್ಞಾನಿಗಳಾದ ಮಾರ್ಸೆಲ್ ಡಿಕ್ ಮತ್ತು ಮೊರಿಸ್ ಸಬೆಲಿಸ್ ಈ ಒಗಟನ್ನು ಬಿಡಿಸಿದರು: ನುಸಿ ಕಚ್ಚಿದ ಗಿಡವೇ ಒಂದು ಬಗೆಯ ವಾಸನೆ ಸೂಸುತ್ತದೆ, ಬೇಟೆಗಾರ ಅದರ ಜಾಡು ಹಿಡಿದು ಬರುತ್ತದೆ. ಗಿಡ ಸುಮ್ಮನೆ ಸಾಯುತ್ತಿಲ್ಲ, ನೆರವಿಗಾಗಿ ಕರೆಯುತ್ತಿದೆ ಎಂಬ ತಿಳಿವೇ ನನಗೆ ಈ ಕಥೆಯ ದೊಡ್ಡ ಲಾಭ.

ಟೊಮೆಟೊದಲ್ಲಿ ಮಾತ್ರ ತೊಡಕಾಯಿತು. ಅದರ ಕಾಂಡ, ಎಲೆಗಳ ಮೇಲಿನ ಅಂಟುರೋಮಕ್ಕೆ ಬೇಟೆಗಾರ ಸಿಕ್ಕಿಬೀಳುತ್ತಿತ್ತು. ಹಲವು ತಲೆಮಾರು ಟೊಮೆಟೊ ಗಿಡದ ಮೇಲೇ ಸಾಕಿದ ತಳಿ ಚೆನ್ನಾಗಿ ಕೆಲಸ ಮಾಡುತ್ತದೆಂದು 1997ರಲ್ಲಿ ಡಚ್ಚರು ತೋರಿಸಿದರು.

ಆದರೆ ನಮ್ಮ ಕೋಲಾರದ ಬಯಲಿಗೆ ಈ ನುಸಿಯನ್ನೇ ತಂದು ಬಿಟ್ಟರಾಗದು. 30 ಡಿಗ್ರಿ ದಾಟಿ ಗಾಳಿ ಒಣಗಿದರೆ ಇದರ ಮೊಟ್ಟೆ ಒಡೆಯುವುದೇ ಕಷ್ಟ. ನಮ್ಮಲ್ಲಿ ನಿಯೋಸಿಯುಲಸ್ ಲಾಂಜಿಸ್ಪೈನೋಸಸ್ ಎಂಬ ದೇಸಿ ಬೇಟೆಗಾರ ನುಸಿಯಿದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೇವು, ಹೊಂಗೆ ಎಣ್ಣೆಗಳ ಸಾಬೂನುಗಳನ್ನೂ ರೂಪಿಸಿದೆ. ಅವನ್ನು ನೀರಿಗೆ ಬೆರೆಸಿ, ನುಸಿ ಕೂರುವ ಎಲೆಯ ಅಡಿಭಾಗ ನೆನೆಯುವಂತೆ ಸಿಂಪಡಿಸಬೇಕು.

ರೈತ ಬಂಧುಗಳೇ, ಪಂಪು ಹೆಗಲಿಗೇರಿಸುವ ಮುನ್ನ ಭೂತಗನ್ನಡಿ ಹಿಡಿದು ಎಲೆ ತಿರುಗಿಸಿ ನೋಡಿ. ಚುರುಕಾಗಿ ಓಡಾಡುವ ಬೇಟೆಗಾರ ಕಂಡರೆ ಆ ದಿನ ವಿಷ ಹೊಡೆಯಬೇಡಿ.